ಕಾಯಿಕೊರಕ ಹುಳು ಸಣ್ಣದಿರುವಾಗಲೇ ನಂಜಾಣು ಸಿಂಪಡಿಸಿರಿ

ತೊಗರಿ ಮತ್ತು ಕಡಲೆ ಬೆಳೆಗೆ ಹಸಿರು ಕಾಯಿಕೊರಕ ಹುಳು ದೊಡ್ಡ ವೈರಿ. 1997–98ರಲ್ಲಿ ಕಲಬುರಗಿ ಸೀಮೆಯ ತೊಗರಿ ಬೆಳೆಗಾರರು ಈ ಹುಳುವಿನಿಂದ ಅನುಭವಿಸಿದ ಹಾನಿಯನ್ನು ಮರೆಯುವಂತಿಲ್ಲ. ಹಲವು ಕೀಟನಾಶಕಗಳಿಗೆ ಜಗ್ಗದ ಈ ಹುಳುವಿಗೆ ಎನ್.ಪಿ.ವಿ. ಎಂಬ ನಂಜಾಣು ಒಳ್ಳೆಯ ಮದ್ದು. ಆದರೆ ಒಬ್ಬ ರೈತರ ಹೊಲದಲ್ಲಿ ಗುಣ ತೋರಿದ ಇದೇ ನಂಜಾಣು ಪಕ್ಕದ ಹೊಲದಲ್ಲಿ ಸೋಲುವುದುಂಟು. ಇದಕ್ಕೆ ಒಂದು ಮುಖ್ಯ ಕಾರಣ ಸಿಂಪಡಿಸಿದಾಗ ಹುಳುವಿಗಿದ್ದ ವಯಸ್ಸು.

ನಂಜಾಣು ಕೊಲ್ಲುವ ಬಗೆ

ಕೆಲವು ಕೀಟನಾಶಕಗಳಂತೆ ನಂಜಾಣು ಮೈಗೆ ತಾಗಿದ ಮಾತ್ರಕ್ಕೆ ಕೊಲ್ಲುವುದಿಲ್ಲ. ಹುಳು ಅದನ್ನು ಎಲೆ, ಮೊಗ್ಗಿನೊಡನೆ ತಿನ್ನಬೇಕು. ನಂಜಾಣುಗಳು ಸೂಕ್ಷ್ಮವಾದ ಹರಳುಗಳಲ್ಲಿ ಅಡಗಿರುತ್ತವೆ. ಹುಳುವಿನ ಕರುಳಿನ ಕ್ಷಾರರಸದಲ್ಲಿ ಈ ಹರಳು ಕರಗಿ ನಂಜಾಣು ಹೊರಬರುತ್ತದೆ. ಮೊದಲು ಕರುಳಿನ ಜೀವಕೋಶಗಳನ್ನು, ಅಲ್ಲಿಂದ ಇಡೀ ದೇಹವನ್ನು ವ್ಯಾಪಿಸುತ್ತದೆ. ಸಾಮಾನ್ಯವಾಗಿ 4ರಿಂದ 7 ದಿನಗಳಲ್ಲಿ ಹುಳು ಗಿಡದ ತುದಿಗೇರಿ, ತಲೆಕೆಳಗಾಗಿ ಜೋತುಬಿದ್ದು ಸಾಯುತ್ತದೆ. ಮೈ ಒಡೆದು ಸುರಿಯುವ ರಸದಿಂದ ರೋಗ ಇತರ ಹುಳುಗಳಿಗೂ ಹರಡುತ್ತದೆ. ರೇಷ್ಮೆ ಹುಳುವಿನ ಹಾಲುತೊಂಡೆ ರೋಗವೂ ಇಂಥದೇ ನಂಜಾಣುವಿನಿಂದ ಬರುವಂಥದು. ಆದರೆ ಆ ನಂಜಾಣುವೇ ಬೇರೆ, ಇದೇ ಬೇರೆ.

ದೊಡ್ಡ ಹುಳು ಏಕೆ ಸಾಯುವುದಿಲ್ಲ?

ಆಗತಾನೆ ಮೊಟ್ಟೆಯೊಡೆದ ಮರಿಹುಳುವಿನ ಉದ್ದ ಸುಮಾರು 1.5 ಮಿಲಿ ಮೀಟರ್. ಐದಾರು ಹಂತಗಳಲ್ಲಿ ಪೊರೆ ಕಳಚುತ್ತ ಅದು 35ರಿಂದ 40 ಮಿಲಿ ಮೀಟರ್ ಬೆಳೆಯುತ್ತದೆ. ಅಷ್ಟರಲ್ಲಿ ಅದರ ತೂಕ ಹಲವು ಸಾವಿರ ಪಟ್ಟು ಹೆಚ್ಚಿರುತ್ತದೆ. ಮರಿಹುಳುವನ್ನು ಕೊಲ್ಲಲು ಕೆಲವೇ ಹರಳುಗಳು ಸಾಕು. ಬಲಿತ ಹುಳುವಿಗೆ ಅದರ ಸಾವಿರಾರು ಪಟ್ಟು ಬೇಕು.

ತೂಕವೊಂದೇ ಇದಕ್ಕೆ ಕಾರಣವಲ್ಲ. ಹುಳು ಬಲಿತಂತೆ ಕರುಳಿನ ತಡೆಶಕ್ತಿಯೂ ಹೆಚ್ಚುತ್ತದೆ. ಪೊರೆ ಕಳಚುವಾಗ ಸೋಂಕು ತಗುಲಿದ ಕರುಳಿನ ಕೋಶಗಳನ್ನೂ ಅದು ಉದುರಿಸಿ ಹೊರಹಾಕಬಲ್ಲದು. ಇದಲ್ಲದೆ ಎಳೆಯ ಹುಳು ಎಲೆ, ಮೊಗ್ಗುಗಳ ಮೇಲ್ಭಾಗವನ್ನು ಕೆರೆದು ತಿನ್ನುತ್ತದೆ. ಬಲಿತದ್ದು ಕಾಯಿಯೊಳಗೆ ತಲೆ ತೂರಿಸಿ ಕಾಳು ತಿನ್ನುತ್ತದೆ. ಸಿಂಪಡಿಸಿದ ದ್ರಾವಣ ಅಲ್ಲಿಗೆ ಮುಟ್ಟುವುದಿಲ್ಲ. ರೋಗ ತಗುಲಿದರೂ ಸಾಯುವ ಮುನ್ನ ಅದು ಅನೇಕ ಕಾಯಿಗಳನ್ನು ಹಾಳುಮಾಡಿರುತ್ತದೆ.

ಇನ್ನೊಂದು ಸಂಗತಿ ಗಮನಿಸಿರಿ. ನಂಜಾಣು ತಯಾರಿಸುವಾಗ ಬೆಳೆದ ಹುಳುಗಳಿಗೇ ಸೋಂಕು ತಗುಲಿಸುತ್ತಾರೆ, ಏಕೆಂದರೆ ದೊಡ್ಡ ಮೈಯಲ್ಲಿ ಹೆಚ್ಚು ನಂಜಾಣು ದೊರೆಯುತ್ತದೆ. ಹೀಗೆ ಒಂದು ಹುಳುವಿನಿಂದ ದೊರೆಯುವ 600 ಕೋಟಿ ಹರಳುಗಳನ್ನು 1 ಎಲ್.ಇ. ಎಂದು ಲೆಕ್ಕ ಹಾಕುತ್ತಾರೆ. ತಯಾರಿಕೆಗೆ ಬೇಕಾದ ಗಾತ್ರವೇ ಬೇರೆ, ಹೊಲದಲ್ಲಿ ಹತೋಟಿಗೆ ತಕ್ಕ ಗಾತ್ರವೇ ಬೇರೆ.

ಸಿಂಪಡಿಸುವ ಕ್ರಮ

1. ಮೊಗ್ಗು ಮೂಡುವ ಕಾಲದಿಂದಲೇ ಹೊಲದಲ್ಲಿ ಅಡ್ಡಾಡಿ ಗಿಡಗಳನ್ನು ಪರೀಕ್ಷಿಸಿರಿ. ಹೆಕ್ಟೇರಿಗೆ 5 ಮೋಹಕ ಬಲೆ ಇಟ್ಟರೆ ಪತಂಗ ಬಂದ ಸುಳಿವು ಸಿಗುತ್ತದೆ. ಬಿಡಿಬಿಡಿಯಾಗಿ ಇಟ್ಟ ಮೊಟ್ಟೆಗಳು 3–4 ದಿನಗಳಲ್ಲಿ ಒಡೆಯುತ್ತವೆ.

2. ಹುಳು ಒಂದು ಸೆಂಟಿ ಮೀಟರಿಗಿಂತ ಚಿಕ್ಕದಿರುವಾಗ, ಎಂದರೆ ಮೊಟ್ಟೆಯೊಡೆದ ಮೊದಲ ಐದಾರು ದಿನಗಳಲ್ಲಿ ಸಿಂಪಡಿಸಿರಿ. ಎರಡು ಸೆಂಟಿ ಮೀಟರ್ ದಾಟಿದ ಹುಳುಗಳೇ ಹೆಚ್ಚಿದ್ದರೆ ನಂಜಾಣುವನ್ನೇ ನಂಬಿ ಕೂಡಬೇಡಿರಿ.

3. ಕಡಲೆಗೆ ಹೆಕ್ಟೇರಿಗೆ 250 ಎಲ್.ಇ., ದಟ್ಟವಾಗಿ ಬೆಳೆದ ತೊಗರಿಗೆ 500 ಎಲ್.ಇ. ವರೆಗೆ ಬಳಸುವುದು ವಾಡಿಕೆ. ಡಬ್ಬಿಯ ಮೇಲಿನ ಪ್ರಮಾಣವನ್ನೂ ಅವಧಿಯನ್ನೂ ನೋಡಿಕೊಳ್ಳಿರಿ.

4. ಬಿಸಿಲಿಗೆ ನಂಜಾಣು ಬೇಗ ಶಕ್ತಿಗುಂದುತ್ತದೆ. ಆದುದರಿಂದ ಸಂಜೆಯೇ ಸಿಂಪಡಿಸಿರಿ. ಪ್ರತಿ ಲೀಟರ್ ದ್ರಾವಣಕ್ಕೆ 5 ಗ್ರಾಂ ಬೆಲ್ಲ ಮತ್ತು 1 ಗ್ರಾಂ ಬಟ್ಟೆಯ ನೀಲಿ ಬೆರೆಸಿರಿ. ಬೆಲ್ಲ ಹುಳುವನ್ನು ತಿನ್ನಲು ಪ್ರೇರಿಸುತ್ತದೆ, ನೀಲಿ ಬಿಸಿಲಿನಿಂದ ನಂಜಾಣುವನ್ನು ಕಾಪಾಡುತ್ತದೆ.

5. ಪತಂಗಗಳು ಒಂದೇ ದಿನ ಮೊಟ್ಟೆ ಇಟ್ಟು ಮುಗಿಸುವುದಿಲ್ಲ. ಮತ್ತೆ ಮರಿಹುಳುಗಳು ಕಂಡುಬಂದರೆ ಇನ್ನೊಮ್ಮೆ ಸಿಂಪಡಿಸಬೇಕು.

ಬಲಿತ ಹುಳುಗಳಿಗೆ ಏನು ಮಾಡಬೇಕು?

ತೊಗರಿಯಲ್ಲಿ ಗಿಡದ ಬುಡಕ್ಕೆ ತಾಡಪಾಲು ಇಲ್ಲವೆ ಹಳೆಯ ಸೀರೆ ಹಾಸಿ, ಗಿಡವನ್ನು ಮೆಲ್ಲನೆ ಅಲುಗಿಸಿ ಹುಳು ಉದುರಿಸುವುದು ರೈತರು ಅನುಸರಿಸುವ ಉಪಾಯ. ದೊಡ್ಡ ಹುಳುಗಳು ಸುಲಭವಾಗಿ ಉದುರುತ್ತವೆ. ಕೋಳಿಗಳಿಗೆ ಒಳ್ಳೆಯ ಮೇವೂ ಆಗುತ್ತವೆ. ಮೊದಲು ಅಲುಗಿಸಿ ದೊಡ್ಡವನ್ನು ತೆಗೆದು, ಅಂದು ಸಂಜೆ ಉಳಿದ ಸಣ್ಣವಕ್ಕೆ ನಂಜಾಣು ಸಿಂಪಡಿಸಿದರೆ ಎರಡೂ ಕೆಲಸ ಕೈಗೂಡುತ್ತವೆ.

ಈ ನಂಜಾಣು ಜನ, ದನ, ಜೇನುನೊಣಗಳಿಗೆ ಅಪಾಯಕಾರಿಯಲ್ಲ. ಆದರೆ ತೊಗರಿಯ ಕಾಯಿನೊಣ ಮತ್ತು ಗೂಡುಕಟ್ಟುವ ಹುಳುವನ್ನು ಇದು ಕೊಲ್ಲದು. ಸಿಂಪಡಿಸಿದ ಮರುದಿನವೇ ಹುಳು ಸಾಯಲಿಲ್ಲವೆಂದು ಗಾಬರಿಯಾಗಿ ಬೇರೆ ಔಷಧಿಗೆ ಹಣ ಸುರಿಯಬೇಡಿರಿ. ಒಂದು ವಾರ ಕಾಯ್ದು ನೋಡಿರಿ. ಸಕಾಲದಲ್ಲಿ ಸಿಂಪಡಿಸಿದ 250 ಎಲ್.ಇ. ಮಾಡುವ ಕೆಲಸವನ್ನು, ಹೊತ್ತು ಮೀರಿದ ಮೇಲೆ ಅದರ ಇಮ್ಮಡಿ ಸುರಿದರೂ ಮಾಡಿಸಲಾಗದು.