ಮೋರೇರ ಓಣಿಯಲ್ಲಿ ಒಂದು ಬೆಳಗು

"ಮೋರೇರ ಮನಿ ನೋಡಾಕ ಬಂದೀರೇನ್ರೀ?" ಎಂದು ಕೇಳಿದ ಕುರಿಗಾಹಿ ಅಜ್ಜ ನನ್ನ ಕಾಲಿನ ಚಪ್ಪಲಿ ನೋಡಿ ಒಂದು ಗಳಿಗೆ ಸುಮ್ಮನಾದರು. ಆಮೇಲೆ, "ಇವನ್ನ ಹಾಕ್ಕೊಂಡು ಗುಡ್ಡ ಹತ್ತತೀರೇನು?" ಎಂದರು. ಹತ್ತುತ್ತೇನೆ ಎಂದೆ. ಅರ್ಧ ದಾರಿಯಲ್ಲಿ ಎಡಗಾಲಿನ ಉಂಗುಷ್ಠ ಕಿತ್ತುಬಂತು. ಅಜ್ಜ ನಗಲಿಲ್ಲ. ತಲೆಯ ರುಮಾಲಿನ ಅಂಚಿನಿಂದ ದಾರ ಎಳೆದು ಬಿಗಿದು ಕಟ್ಟಿಕೊಟ್ಟರು.

ಹಿರೇಬೆಣಕಲ್ ಇರುವುದು ಗಂಗಾವತಿಯಿಂದ ಕೊಪ್ಪಳದ ಕಡೆಗೆ ಹೊರಟರೆ ಹತ್ತು ಕಿಲೋಮೀಟರಿನಾಚೆ. ಗಂಗಾವತಿ ಎಂದರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ಅಕ್ಕಿ ಗಿರಣಿ. ಆ ಹಸಿರು ಕಣ್ಣಿಗೆ ಹತ್ತಿಕೊಂಡಿರುವಾಗಲೇ ಬಂಡೆಗುಡ್ಡಗಳು ಎದುರಾಗುತ್ತವೆ. ಹಂಪಿ, ಆನೆಗೊಂದಿ ನೋಡಿದವರಿಗೆ ಇವು ಹೊಸವೇನಲ್ಲ, ಅದೇ ಗ್ರಾನೈಟು, ಒಂದರ ಮೇಲೊಂದು ಹೇಗೋ ನಿಂತ ಅದೇ ಗುಂಡುಗಳು. ಊರು ದಾಟಿ ಕಾಲುದಾರಿ ಹಿಡಿದರೆ ಕಾರೆ, ಬಾರಿ ಮುಳ್ಳು ಅಂಗಿ ಎಳೆಯುತ್ತವೆ. ಕರಡಿ ಬರುತ್ತದೆಯೇ ಎಂದು ಕೇಳಿದೆ. "ಬರ್ತಾವ್ರೀ, ಅವುಕ್ಕೂ ಹಾದಿ ಬೇಕಲ್ಲ" ಎಂದರು ಅಜ್ಜ.

ಒಂದು ದೊಡ್ಡ ಬಂಡೆಯ ಮೇಲೆ ಚಪ್ಪಟೆ ಕಲ್ಲೊಂದು ಒರಗಿದ್ದು ಕಂಡು ಉತ್ಸಾಹದಿಂದ ಫೋಟೊ ತೆಗೆಯತೊಡಗಿದೆ. ನಾಲ್ಕು ಫೋಟೊ ಆದ ಮೇಲೆ ಅಜ್ಜ ಮೆಲ್ಲಗೆ, "ಅದು ದೇವರು ಇಟ್ಟ ಕಲ್ಲು. ಮಂದಿ ಇಟ್ಟಿದ್ದು ಮ್ಯಾಲ ಅದಾವು" ಎಂದರು. ಮನುಷ್ಯ ಮಾಡಿದ್ದನ್ನೂ ಪ್ರಕೃತಿ ಮಾಡಿದ್ದನ್ನೂ ಬೇರ್ಪಡಿಸುವುದು ಪುರಾತತ್ವದ ಮೊದಲ ಪಾಠ. ನಾನು ಅದರಲ್ಲೇ ಫೇಲಾಗಿದ್ದೆ.

ಮೇಲೆ ಬಂದಾಗ ಮೊದಲು ಕಂಡದ್ದು ಒಂದು ಓಣಿ. ಬೇರೆ ಮಾತು ನನಗೆ ಹೊಳೆಯುತ್ತಿಲ್ಲ. ಎಡಕ್ಕೂ ಬಲಕ್ಕೂ ಕಲ್ಲಿನ ಪೆಟ್ಟಿಗೆಯಂಥ ಮನೆಗಳು. ಮೂರು ಕಡೆ ನಿಲ್ಲಿಸಿದ ಚಪ್ಪಡಿ, ನಾಲ್ಕನೆಯ ಕಡೆ ದುಂಡನೆಯ ಕಿಂಡಿ ಕೊರೆದ ಚಪ್ಪಡಿ, ಮೇಲೆ ಮುಚ್ಚಿಗೆಗೆ ಇನ್ನೊಂದು. ಕೆಲವು ನನ್ನ ಸೊಂಟದೆತ್ತರ, ಕೆಲವು ನನಗಿಂತ ಎತ್ತರ. ಕೆಲವು ಮಗ್ಗುಲಿಗೆ ವಾಲಿವೆ, ಕೆಲವಕ್ಕೆ ಮಾಡೇ ಇಲ್ಲ, ಇನ್ನು ಕೆಲವು ನಿನ್ನೆ ಕಟ್ಟಿದಂತೆ ನೆಟ್ಟಗಿವೆ. ಈ ಗುಡ್ಡದ ಮೇಲೆ ಸಣ್ಣವು ದೊಡ್ಡವು ಸೇರಿ ಇಂಥ ಸುಮಾರು 400 ರಚನೆಗಳಿವೆ. ಎಲ್ಲವೂ ಒಂದೇ ಬಗೆಯವಲ್ಲ. ನೆಲದ ಮೇಲೆ ನಿಂತ ಕಲ್ಮನೆಗಳಿವೆ, ಅರ್ಧ ಮಣ್ಣಿನಲ್ಲಿ ಹುಗಿದ ಕಲ್ಪೆಟ್ಟಿಗೆಗಳಿವೆ, ಬಂಡೆಯ ಕೆಳಗಿನ ಪೊಟರೆಗೆ ಗೋಡೆ ಕಟ್ಟಿ ಮಾಡಿದ ಕೋಣೆಗಳೂ ಇವೆ. ಇವು ಬೃಹತ್ ಶಿಲಾ ಸಂಸ್ಕೃತಿಯ ಕಾಲದವು. ದಕ್ಷಿಣದಲ್ಲಿ ಕಬ್ಬಿಣ ಬಳಕೆಗೆ ಬಂದ ಕಾಲ ಅದು. ವಿದ್ವಾಂಸರು ಇಲ್ಲಿನ ಕಟ್ಟಡಗಳನ್ನು ಸಾಮಾನ್ಯವಾಗಿ ಕ್ರಿ.ಪೂ. 800ರಿಂದ ಕ್ರಿ.ಪೂ. 200ರ ನಡುವೆ ಇಡುತ್ತಾರೆ.

ಮೋರೇರು ಯಾರು ಎಂದು ಅಜ್ಜನನ್ನು ಕೇಳಿದೆ. ಅವರು ಮೊಣಕಾಲಿನ ಮೇಲೆ ಕೈ ಇಟ್ಟು ತೋರಿಸಿದರು. "ಇಷ್ಟ ಎತ್ತರ ಇದ್ರಂತ. ಭಾಳ ಶಕ್ತಿವಂತರು. ಬೆಂಕಿ ಮಳಿ ಬರ್ತದಂತ ಗೊತ್ತಾತು, ಕಲ್ಲಿನ ಮನಿ ಕಟಗೊಂಡು ಒಳಗ ಕುಂತ್ರು. ಬೆಂಕಿ ಮಳಿ ಸುರೀತು, ಎಲ್ಲಾ ಒಳಗ ಸತ್ರು." ಕಥೆ ಅಷ್ಟೇ. ಆದರೆ ಅದರೊಳಗಿನ ತರ್ಕ ನೋಡಿ. ಮನೆ ಚಿಕ್ಕದು, ಬಾಗಿಲು ಒಂದು ಮೊಳದ ಕಿಂಡಿ, ಆದ್ದರಿಂದ ಇದ್ದವರು ಕುಳ್ಳರು. ಚಪ್ಪಡಿ ಭಾರ, ಆದ್ದರಿಂದ ಕುಳ್ಳರಾದರೂ ಬಲಶಾಲಿಗಳು. ಯಾರೂ ಉಳಿದಿಲ್ಲ, ಆದ್ದರಿಂದ ಎಲ್ಲರೂ ಒಮ್ಮೆಗೇ ಸತ್ತಿರಬೇಕು. ಕಣ್ಣಿಗೆ ಕಂಡ ಸಾಕ್ಷ್ಯವನ್ನೆಲ್ಲ ಸೇರಿಸಿ ಹೊಲಿದ ಸಿದ್ಧಾಂತ ಇದು. ಇದರಲ್ಲಿರುವ ಒಂದೇ ಒಂದು ತಪ್ಪು ಗೋರಿಯನ್ನು ಮನೆ ಎಂದುಕೊಂಡದ್ದು, ಆ ತಪ್ಪನ್ನೂ ನಾನು ಪೂರಾ ತಪ್ಪು ಎನ್ನಲಾರೆ. ಕಟ್ಟಿದವರೂ ಇದನ್ನು ಮನೆ ಎಂದೇ ಕಟ್ಟಿದಂತಿದೆ.

ಮೋರೇರು ಎಂದೊಡನೆ ಮೌರ್ಯರ ಕಡೆಗೆ ಓಡುವವರೂ ಇದ್ದಾರೆ. ಅಶೋಕನ ಶಾಸನಗಳು ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲೇ ಇರುವುದರಿಂದ ಆ ಆಸೆ ಸಹಜ. ಆದರೆ ಮಗಧದಲ್ಲಿ ಮೌರ್ಯರ ಹೆಸರು ಹುಟ್ಟುವ ಎಷ್ಟೋ ತಲೆಮಾರು ಮೊದಲೇ ಈ ಗುಡ್ಡಕ್ಕೆ ಚಪ್ಪಡಿ ಹೊರುವುದು ಶುರುವಾಗಿತ್ತು. ಹೆಸರುಗಳೂ ಊರಿಗೊಂದು. ಕೊಡಗಿನ ಸೋಮವಾರಪೇಟೆ ಕಡೆ ಇಂಥ ಗೋರಿಗಳಿರುವ ಗುಡ್ಡ ಮೋರಿಬೆಟ್ಟ. ಬೇರೆ ಕಡೆ ಪಾಂಡವರ ಮನೆ. ಕೇರಳದ ಮರಯೂರಿನಲ್ಲಿ ಮುನಿಯರ, ಅಂದರೆ ಮುನಿಗಳ ಕೋಣೆ. ಸತ್ತವರು ಯಾರೆಂದು ಮರೆತಲ್ಲೆಲ್ಲ ಜನ ತಮಗೆ ಗೊತ್ತಿದ್ದವರನ್ನು ಒಳಗೆ ಕೂರಿಸಿದ್ದಾರೆ.

ಓದಿದವರೇನೂ ಕಡಿಮೆಯಿಲ್ಲ. ಸುರಪುರದಲ್ಲಿ ಆಡಳಿತ ನಡೆಸಿದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಈ ಸೀಮೆಯ ಕಲ್ಗೋರಿಗಳ ಬಗ್ಗೆ ಶ್ರದ್ಧೆಯಿಂದ ಬರೆದವರಲ್ಲಿ ಮೊದಲಿಗರು. ಜನ ಅವರನ್ನು ಮಹಾದೇವ ಬಾಬಾ ಎಂದು ಕರೆಯುತ್ತಿದ್ದರು. ಗೋರಿ ಅಗೆದು, ಪದರ ಪದರದ ನಕ್ಷೆ ಬರೆದು, ಸಿಕ್ಕ ಮೂಳೆ ಮಡಕೆಗಳ ಲೆಕ್ಕ ಇಟ್ಟ ಅವರು 1860ರ ದಶಕದ ತಮ್ಮ ಪ್ರಬಂಧದ ಶೀರ್ಷಿಕೆಯಲ್ಲೇ ಇವುಗಳಿಗೆ ಕೆಲ್ಟಿಕ್, ಡ್ರುಯಿಡ್, ಸಿಥಿಯನ್ ಎಂಬ ಹೆಸರು ಅಂಟಿಸಿದರು. ತಮ್ಮ ಕಡೆಯ ಕಲ್ಗೋರಿಗಳ ನೆನಪು ಅವರಿಗೆ. ದಖ್ಖನಿನ ಜನರೇ ಕಟ್ಟಿರಬಹುದೆಂಬ ಸರಳ ಊಹೆಗಿಂತ ಸಾವಿರಾರು ಮೈಲಿ ದೂರದ ಸಿಥಿಯನ್ನರು ಹತ್ತಿರವಾದರು. ಅಜ್ಜನ ಕುಳ್ಳರಿಗಿಂತ ಈ ಕೆಲ್ಟರು ಹೆಚ್ಚು ನಂಬಲರ್ಹರೆಂದು ನನಗೇನೂ ಅನಿಸುವುದಿಲ್ಲ.

ಓಣಿಯ ಆಚೆ ನೀರು ನಿಂತ ತಗ್ಗು. ಕುರಿ ನೀರು ಕುಡಿಯುತ್ತಿದ್ದವು. ಕೆರೆ ಎಂದುಕೊಂಡೆ. ಅಲ್ಲ, ಇದು ಕಲ್ಲು ಎಬ್ಬಿಸಿದ ಗಣಿ. ಇಲ್ಲಿನ ಗ್ರಾನೈಟು ಬಿಸಿಲಿಗೆ ಈರುಳ್ಳಿಯ ಸಿಪ್ಪೆಯಂತೆ ಪದರ ಬಿಡುತ್ತದೆ. ಬಂಡೆಯ ಮೇಲೆ ಬೆಂಕಿ ಹಾಕಿ ಕಾಯಿಸಿ ಪದರ ಎಬ್ಬಿಸುವ ವಿದ್ಯೆ ನಮ್ಮ ಕಲ್ಲುಕುಟಿಗರಿಗೆ ತೀರಾ ಇತ್ತೀಚಿನವರೆಗೂ ಗೊತ್ತಿತ್ತು. ಚಪ್ಪಡಿ ಸಿಗುವುದು ಅಷ್ಟು ಕಷ್ಟವಲ್ಲ. ಸಾಗಿಸುವುದು ಕಷ್ಟ. ನಾನು ಎದುರಿಗಿದ್ದ ಒಂದು ಮುಚ್ಚುಗಲ್ಲನ್ನು ಗೇಣಿನಲ್ಲಿ ಅಳೆದೆ. ಉದ್ದ ಮೂರು ಮೀಟರು, ಅಗಲ ಎರಡು, ದಪ್ಪ ಹದಿನೈದು ಸೆಂಟಿಮೀಟರು ಅನ್ನಿ. ಒಂದು ಘನ ಮೀಟರ್ ಗ್ರಾನೈಟು 2.7 ಟನ್ನಿನಷ್ಟು ತೂಗುತ್ತದೆ. ಅಂದರೆ ಈ ಮಾಡು ಹತ್ತಿರ ಹತ್ತಿರ ಎರಡೂವರೆ ಟನ್. ಅದನ್ನು ಎಳೆದು ತಂದು, ಮಣ್ಣಿನ ಇಳಿಜಾರು ಮಾಡಿಯೋ ತೊಲೆ ಕೊಟ್ಟೋ ಮೇಲಕ್ಕೇರಿಸಿ, ಕೆಳಗಿನ ಗೋಡೆ ಒಡೆಯದಂತೆ ಕೂರಿಸಬೇಕು. ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಊರೇ ಬರಬೇಕು. ಬಂದವರಿಗೆ ಊಟ ಹಾಕಬೇಕು. ಸತ್ತವನ ಮನೆಯವರು ಎಷ್ಟು ಜನರನ್ನು ಕರೆಯಬಲ್ಲರು ಎಂಬುದು ಕಲ್ಲಿನ ಅಳತೆಯಲ್ಲೇ ಗೊತ್ತಾಗುತ್ತಿದ್ದಿರಬೇಕು.

ಇದು ಬರೀ ಊಹೆಯಲ್ಲ. ಸತ್ತವರಿಗೆ ಕಲ್ಲು ನಿಲ್ಲಿಸುವ ಜನ ನಮ್ಮ ದೇಶದಲ್ಲಿ ನಮ್ಮ ಕಾಲದವರೆಗೂ ಇದ್ದಾರೆ. ಮೇಘಾಲಯದ ಖಾಸಿಗಳು, ಒಡಿಶಾದ ಗದಬರು. ಜಾರ್ಖಂಡದ ಮುಂಡಾ ಜನ ತಮ್ಮವರ ಅಸ್ಥಿಯನ್ನು ಕುಲದ ಹಾಸುಗಲ್ಲಿನ ಅಡಿಯಲ್ಲಿಡುತ್ತಾರೆ. ಸಾಸನ್‌ದಿರಿ ಎಂದು ಅದರ ಹೆಸರು. ರಾಂಚಿಯಲ್ಲಿ ವಕೀಲರಾಗಿದ್ದು, ಆದಿವಾಸಿಗಳ ಜಮೀನಿನ ವ್ಯಾಜ್ಯ ನೋಡುತ್ತ ನೋಡುತ್ತ ಮಾನವಶಾಸ್ತ್ರಜ್ಞರೇ ಆಗಿಬಿಟ್ಟ ಶರತ್‌ಚಂದ್ರ ರಾಯ್ 1912ರಲ್ಲಿ ಮುಂಡಾರ ಬಗ್ಗೆ ದೊಡ್ಡ ಪುಸ್ತಕ ತಂದರು. ಆ ಜನರಿಗೆ ಕುಲದ ಕಲ್ಲೇ ಪಹಣಿ ಪತ್ರ. ಯಾರ ಹಿರಿಯರು ಈ ಕಲ್ಲಿನಡಿ ಇದ್ದಾರೋ ಅವರದು ಈ ನೆಲ. ಜಾರ್ಖಂಡದ ಮಾತನ್ನು ತಂದು ಕೊಪ್ಪಳದ ಕಲ್ಲಿನ ಬಾಯಲ್ಲಿ ಹಾಗೇ ಇಟ್ಟರೆ ನಾನೂ ಟೇಲರ್ ಸಾಹೇಬರ ಸಾಲಿಗೇ ಸೇರುತ್ತೇನೆ. ನಡುವೆ ಎರಡು ಸಾವಿರಕ್ಕೂ ಹೆಚ್ಚು ವರ್ಷಗಳಿವೆ. ಆದರೂ ಅದು ಒಂದು ಪ್ರಶ್ನೆಯನ್ನಂತೂ ಕಲಿಸಿಕೊಡುತ್ತದೆ. ಗೋರಿಯೊಳಗೆ ಯಾರು ಎಂದಷ್ಟೇ ಕೇಳುತ್ತಿದ್ದವನು ಗೋರಿಯಿಂದ ಹೊರಗಿದ್ದವರಿಗೆ ಏನು ಸಿಕ್ಕಿತು ಎಂದೂ ಕೇಳತೊಡಗುತ್ತಾನೆ.

ಒಳಗೆ ಯಾರು ಎಂಬುದಕ್ಕೂ ಸುಲಭದ ಉತ್ತರವಿಲ್ಲ. ದಕ್ಷಿಣದ ಇಂಥ ಗೋರಿಗಳಲ್ಲಿ ಸಿಗುವುದು ಕಪ್ಪು-ಕೆಂಪು ಮಡಕೆ, ಕಬ್ಬಿಣದ ಸಾಮಾನು, ಎಷ್ಟೋ ಸಲ ಪೂರ್ತಿ ದೇಹದ ಬದಲು ಆಯ್ದು ತಂದ ಮೂಳೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದಾಗ ಇದೇ ಚಿತ್ರ ಸ್ಪಷ್ಟವಾಯಿತು. ಮೊದಲು ಹೆಣವನ್ನು ಬೇರೆಡೆ ಇಟ್ಟು, ಮಾಂಸ ಕರಗಿದ ಮೇಲೆ ಮೂಳೆ ತಂದು ಕಲ್ಮನೆ ಸೇರಿಸುವುದು. ಇಲ್ಲಿ ಮೇಲೆ ನಿಂತ ಮನೆಗಳೆಲ್ಲ ಗೋರಿಗಳೇ, ಅಥವಾ ಕೆಲವು ಬರೀ ನೆನಪಿಗೆ ನಿಲ್ಲಿಸಿದವೇ ಎಂಬ ಚರ್ಚೆ ವಿದ್ವಾಂಸರಲ್ಲಿದೆ. ಡಾ. ಅ. ಸುಂದರ ಅವರು ಗೋರಿಗಳನ್ನು ಬಗೆಬಗೆಯಾಗಿ ವಿಂಗಡಿಸಿ 1975ರಲ್ಲಿ ಪ್ರಕಟಿಸಿದ ಪುಸ್ತಕ ಇಂದಿಗೂ ಈ ವಿಷಯದ ಮೊದಲ ಮೆಟ್ಟಿಲು. ನಿಧಿಗಳ್ಳರಿಗೆ ಮಾತ್ರ ಯಾವ ಚರ್ಚೆಯೂ ಬೇಕಿಲ್ಲ, ಒಳಗೆ ಬಂಗಾರ ಇದೆ ಎಂದು ಅವರಿಗೆ ಖಾತ್ರಿ.

ಬಿಸಿಲೇರುವ ಮುಂಚೆ ನಗಾರಿಗೆ ಹೋಗೋಣ ಎಂದರು ಅಜ್ಜ. ಹತ್ತು ಮೀಟರ್ ಎತ್ತರದ ಗುಂಡಿನ ನೆತ್ತಿಯಲ್ಲಿ ಬೋರಲು ಹಾಕಿದ ನಗಾರಿಯಂಥ ಅರ್ಧಗೋಲದ ಕಲ್ಲು, ಎರಡು ಮೀಟರ್ ಅಗಲದ್ದು. ಬಡಿದರೆ ಒಂದು ಕಿಲೋಮೀಟರಿನಾಚೆಗೂ ಕೇಳುತ್ತದಂತೆ. ನಾನು ಮೇಲೆ ಹತ್ತಲಿಲ್ಲ, ದಾರ ಕಟ್ಟಿದ ಚಪ್ಪಲಿ ಅಷ್ಟು ಧೈರ್ಯ ಕೊಡಲಿಲ್ಲ. ಕೆಳಗೆ ಕೂತು, ಸಾವಿನ ದಿನ ಅದರ ಸದ್ದು ಕೆಳಗಿನ ಬಯಲಿಗೆ ಹೇಗೆ ಇಳಿಯುತ್ತಿದ್ದಿರಬಹುದು ಎಂದುಕೊಂಡೆ. ಸಾವಿಗೇ ಬಡಿಯುತ್ತಿದ್ದರು ಎಂದು ಯಾರು ಹೇಳಿದರು ಎಂದು ನನ್ನನ್ನೇ ಕೇಳಿಕೊಂಡೆ. ಮದುವೆಗೂ ಬಡಿದಿರಬಹುದು, ಹುಲಿ ಬಂತೆಂದೂ ಬಡಿದಿರಬಹುದು.

ಇಳಿಯುವಾಗ ಒಂದು ಬಂಡೆಯ ಹೊಟ್ಟೆಯಲ್ಲಿ ಕೆಂಪು ಕಾವಿಯ ಚಿತ್ರಗಳು. ಗೂಳಿ, ಜಿಂಕೆ, ಸಾಲಾಗಿ ನಿಂತು ಕುಣಿಯುತ್ತಿರುವಂತಿರುವ ಜನ. ಪಕ್ಕದಲ್ಲೇ ಇತ್ತೀಚಿನ ಪ್ರೇಮಿಗಳಿಬ್ಬರ ಹೆಸರು, ಬಿಳಿ ಪೇಂಟಿನಲ್ಲಿ. ಗೋರಿ ಕಟ್ಟಿದ ಜನ ಬದುಕಿದ್ದಾಗ ಇದ್ದ ಮನೆಗಳು ಮಣ್ಣು, ಕಟ್ಟಿಗೆ, ಹುಲ್ಲಿನವು. ಮಡಕೆ ಚೂರು ಬಿಟ್ಟು ಹೆಚ್ಚೇನೂ ಉಳಿದಿಲ್ಲ. ಕಲ್ಲು ಖರ್ಚಾದದ್ದು ಸತ್ತವರಿಗೆ.

2021ರಲ್ಲಿ ಹಿರೇಬೆಣಕಲ್ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಅಜ್ಜನಿಗೆ ಇದನ್ನು ಹೇಳಿದೆ. "ಪಟ್ಟಿ ಬರ್ಲಿ ಬಿಡ್ರಿ. ಬಂದವರು ಕಲ್ಲು ಕೆಡವದಿದ್ರ ಸಾಕು" ಎಂದರು.

ಹೋಗುವವರು ಬೆಳಿಗ್ಗೆ ಆರಕ್ಕೇ ಹತ್ತಲು ಶುರುಮಾಡಿ. ತಲೆಗೆ ಎರಡು ಲೀಟರ್ ನೀರು ಒಯ್ಯಿರಿ. ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಅವರ ಅರ್ಧ ದಿನದ ಕೂಲಿ ಕೊಡಿ. ಕಿಂಡಿಯೊಳಗೆ ಇಣುಕಬಹುದು, ಆದರೆ ಫೋಟೊಕ್ಕೆಂದು ಮಾಡಿನ ಮೇಲೆ ಹತ್ತಿ ಕೂರಬೇಡಿ. ಮತ್ತೆ, ಬೂಟು ಹಾಕಿಕೊಂಡೇ ಹೋಗಿ.