ನಲವತ್ತು ಚೆಂಡೆ, ಒಂದು ಕೀಬೋರ್ಡು

ಕೊಚ್ಚಿಯ ಕಲೂರಿನಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ಊರು ಕಾಸರಗೋಡಿನ ಕಡೆ, ಯಕ್ಷಗಾನದ ಚೆಂಡೆ ಕೇಳಿಕೊಂಡೇ ಬೆಳೆದವನು. ಹೊಟ್ಟೆಪಾಡಿಗೆ ಚಿನ್ನದಂಗಡಿ, ಜವಳಿ ಅಂಗಡಿಗಳ ಜಾಹೀರಾತಿಗೆ ಸಂಗೀತ ಜೋಡಿಸುತ್ತೇನೆ. ಓಣಂ ಹತ್ತಿರ ಬಂತೆಂದರೆ ಎಲ್ಲರಿಗೂ ಚೆಂಡೆಮೇಳವೇ ಬೇಕು, ಅದೂ ನಾಳೆ ಬೆಳಿಗ್ಗೆಗೆ. ಆಗ ಕೈಹಿಡಿಯುವುದು ಸ್ಯಾಂಪಲ್ ಪ್ಲಗಿನ್.

ಸಿಂಥಸೈಜರ್ ದನಿಯನ್ನು ತಾನೇ ಹುಟ್ಟಿಸುತ್ತದೆ. ಈ ಪ್ಲಗಿನ್ ಒಳಗಿರುವುದು ಯಾರೋ ನಿಜವಾಗಿ ಬಾರಿಸಿದ ಪೆಟ್ಟುಗಳ ಧ್ವನಿಮುದ್ರಣ. ಯೋಚನೆ ಹಳೆಯದೇ: 1963ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಮೆಲೊಟ್ರಾನ್ ವಾದ್ಯದಲ್ಲಿ ಪ್ರತಿ ಕೀಲಿಗೂ ಒಂದು ಟೇಪಿನ ತುಂಡು, 8 ಸೆಕೆಂಡಿನ ಹೊತ್ತಿಗೆ ಟೇಪು ಮುಗಿದು ದನಿ ನಿಲ್ಲುತ್ತಿತ್ತು. 2002ರಲ್ಲಿ ಬರ್ಲಿನ್ನಿನ ನೇಟಿವ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ತಂದ ಕಾಂಟ್ಯಾಕ್ಟ್ ಎಂಬ ಪ್ಲಗಿನ್ ಪ್ರತಿ ದನಿಯ ಮೊದಲ ಚೂರನ್ನಷ್ಟೇ ಮೆಮೊರಿಯಲ್ಲಿಟ್ಟು, ಉಳಿದದ್ದನ್ನು ನುಡಿಸುವಾಗ ಡಿಸ್ಕಿನಿಂದ ಓದಿಕೊಳ್ಳುತ್ತದೆ. ಹಾಗಾಗಿ ದೊಡ್ಡ ಸ್ಯಾಂಪಲ್ ಲೈಬ್ರರಿಯೂ ಸಾಧಾರಣ ಕಂಪ್ಯೂಟರಿನಲ್ಲಿ ಓಡುತ್ತದೆ.

ಕೀಲಿಯನ್ನು ಎಷ್ಟು ಜೋರಾಗಿ ಒತ್ತಿದೆ ಎಂಬುದು 1ರಿಂದ 127ರ ಒಳಗಿನ ಅಂಕಿಯಾಗಿ ಪ್ಲಗಿನ್ನಿಗೆ ತಲುಪುತ್ತದೆ. ಅಂಕಿ ನೋಡಿ ಅದು ಮೆದುಪೆಟ್ಟನ್ನೋ ಬಿರುಪೆಟ್ಟನ್ನೋ ಆರಿಸುತ್ತದೆ. ಬಿರುಪೆಟ್ಟಿನ ವಾಲ್ಯೂಮ್ ಇಳಿಸಿದರೆ ಮೆದುಪೆಟ್ಟಾಗದು, ಚರ್ಮ ಕಂಪಿಸುವ ರೀತಿಯೇ ಬೇರೆ. ಒಂದೇ ಮುದ್ರಣ ಮರುಕಳಿಸಿದರೆ ಮೆಷಿನ್‌ಗನ್ ಸದ್ದು ಬರುತ್ತದೆಂದು ಒಂದೊಂದು ಪೆಟ್ಟಿಗೂ ನಾಲ್ಕಾರು ಮುದ್ರಣ ಇಟ್ಟು ಸರದಿಯಲ್ಲಿ ಹೊರಡಿಸುತ್ತಾರೆ.

ಒಂಟಿ ಚೆಂಡೆಗೆ ಇಷ್ಟು ಸಾಕು, ಮೇಳಕ್ಕೆ ಸಾಲದು. ಪಕ್ಕದ ತ್ರಿಪ್ಪೂಣಿತ್ತುರದ ಪೂರ್ಣತ್ರಯೀಶ ದೇವಸ್ಥಾನದಲ್ಲಿ ವೃಶ್ಚಿಕೋತ್ಸವದ ಮೇಳ ಕೇಳಿ ನೋಡಿ. ಮುಂದಿನ ಸಾಲು ಇಡಂತಲದ, ಅಂದರೆ ಚೆಂಡೆಯ ಎಡಮುಖದ, ಏರುದನಿಯಲ್ಲಿ ನುಡಿದರೆ, ಹಿಂದೆ ಬಲಮುಖ ಬಾರಿಸುವ ವಲಂತಲದವರು ತಾಳ ಕಾಯುತ್ತಾರೆ. ಇಲತ್ತಾಳವೆಂಬ ತಾಳ, ಕೊಂಬು, ಕುಳಲ್ ಎಂಬ ಊದುವಾದ್ಯಗಳು ಬೇರೆ. ಒಬ್ಬನ ಪೆಟ್ಟನ್ನು 40 ಟ್ರ್ಯಾಕಿಗೆ ನಕಲು ಮಾಡಿದರೆ ಆ ಒಬ್ಬನೇ ಜೋರಾಗುತ್ತಾನೆ, ಅಷ್ಟೆ. ಗುಂಪು ಅನ್ನಿಸಬೇಕಾದರೆ ಕೈಗಳು ಕೂದಲೆಳೆಯಷ್ಟು ಹಿಂದುಮುಂದಾಗಬೇಕು. ಅದಕ್ಕೇ ಪ್ರತಿ ಟ್ರ್ಯಾಕಿಗೂ ಬೇರೆ ಮುದ್ರಣ ಹಾಕಿ, 5ರಿಂದ 20 ಮಿಲಿಸೆಕೆಂಡ್ ಜರುಗಿಸಿ, ಶ್ರುತಿಯನ್ನೂ ಚೂರು ಕದಲಿಸುತ್ತೇನೆ. ಪಂಚಾರಿ ಎಂಬ ಮೇಳಕ್ಕೆ ಐದು ಕಾಲ: ತಾಳದ ಒಂದು ಸುತ್ತು 96 ಅಕ್ಷರದಿಂದ ಶುರುವಾಗಿ 48, 24, 12 ದಾಟಿ 6ಕ್ಕೆ ಬರುತ್ತದೆ. ಜಾಹೀರಾತಿನವರಿಗೆ ಕೊನೆಯ ಕಾಲ ಮಾತ್ರ ಬೇಕು. ನಿಧಾನವಾಗಿ ಏರಿ ಬರದಿದ್ದರೆ ಆ ಕೊನೆ ಬರೀ ಗದ್ದಲ ಎಂದು ಹೇಳಿ ನೋಡಿದ್ದೇನೆ; ದುಡ್ಡು ಕೊಡುವವರು ಕೇಳಬೇಕಲ್ಲ!

ತಿರುವನಂತಪುರದಲ್ಲಿ ಇದೇ ಕೆಲಸ ಮಾಡುವ ಗೆಳತಿಯೊಬ್ಬಳದು ವೀಣೆಯ ಜೊತೆ ಜಗಳ. ಪ್ಲಗಿನ್ನಿನಲ್ಲಿ ಸ್ವರಗಳು ಬಿಡಿಬಿಡಿ. ಗಮಕ ಇರುವುದೋ ತಂತಿಯ ಎಳೆತದಲ್ಲಿ. ಪಿಚ್ ವೀಲ್ ತಿರುಗಿಸಿ ತೋಡಿ ರಾಗದ ಗಾಂಧಾರ ತರಲು ಹೊರಟವರ ಪಾಡು ದೇವರಿಗೇ ಪ್ರೀತಿ. ಜಾಗದ ನಾದವೂ ಸುಲಭಕ್ಕೆ ಸಿಗದು. ಅಲ್ಲಿ ಪದ್ಮನಾಭಸ್ವಾಮಿ ದೇವಸ್ಥಾನದ ಬಳಿ ಸ್ವಾತಿ ತಿರುನಾಳ್ ಕೃತಿಗಳನ್ನು ಹಾಡುವ ನವರಾತ್ರಿ ಮಂಟಪದಲ್ಲಿ ನಾದ ತುಂಬಿಕೊಳ್ಳಲೆಂದು ಮಡಕೆಗಳನ್ನು ಬೋರಲು ತೂಗುಹಾಕಿದ್ದಾರೆ. ಸ್ಯಾಂಪಲ್ ಮುದ್ರಿಸುವುದು ಹೆಚ್ಚಾಗಿ ಮಾರ್ದನಿಯಿಲ್ಲದ ಕೋಣೆಯಲ್ಲಿ. ಮಂಟಪವೋ ಬಯಲೋ, ರಿವರ್ಬ್ ಹಾಕಿ ನಾವೇ ಕಟ್ಟಿಕೊಳ್ಳಬೇಕು.

ಬಜೆಟ್ಟಿನಲ್ಲಿ ಒಬ್ಬರ ಸಂಭಾವನೆ ಹೊಂದಿದರೂ ನಾನು ಒಬ್ಬ ಆಶಾನ್‌ರನ್ನು ಕರೆಸುತ್ತೇನೆ. ಇಲ್ಲಿ ಚೆಂಡೆಯ ಗುರುಗಳನ್ನು ಹಾಗೇ ಕರೆಯುವುದು. ಪ್ಲಗಿನ್ ಕೇಳಿಸಿ ಅದಕ್ಕೆ ಸರಿಯಾಗಿ ಬಾರಿಸಿ ಎಂದರೆ ಅವರೂ ಯಂತ್ರಕ್ಕೆ ಕಟ್ಟುಬಿದ್ದು ಬಾರಿಸುತ್ತಾರೆ. ಆದ್ದರಿಂದ ಮೊದಲು ಅವರದ್ದೇ ರೆಕಾರ್ಡಿಂಗ್, ಲಯ ಎಣಿಸುವ ಕ್ಲಿಕ್ ಸದ್ದಿಲ್ಲದೆ. ಆಮೇಲೆ ಅವರ ಪೆಟ್ಟಿಗೆ ತಕ್ಕಂತೆ ಟೆಂಪೋ ಗುರುತು ಹಾಕಿಕೊಂಡು, ಪ್ಲಗಿನ್ನಿನ ಉಳಿದ ಚೆಂಡೆಗಳನ್ನು ಹಿಂದೆ ಕೂರಿಸುತ್ತೇನೆ.