ಹಸ್ತಪ್ರತಿಯಿಂದ ಕರಾರಿನವರೆಗೆ: ಸಾಹಿತ್ಯ ಏಜೆಂಟರ ದಿನನಿತ್ಯದ ಕೆಲಸ

ಕೃತಿಯೊಂದು ಲೇಖಕನ ಮೇಜಿನಿಂದ ಓದುಗನ ಕೈಗೆ ಬರುವ ದಾರಿಯನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಅಷ್ಟಾಗಿ ಗಮನಿಸಿಲ್ಲ. ಕವಿ, ಕಾವ್ಯ, ಸಹೃದಯ ಎಂಬ ಮೂರು ನೆಲೆಗಳಲ್ಲಿಯೇ ಚರ್ಚಿಸಿ ರೂಢಿಯಾದ ನಮಗೆ ಇವುಗಳ ನಡುವೆ ನಿಂತು ದುಡಿಯುವವರು ಕಾಣಿಸುವುದು ಕಡಿಮೆ. ಇಂಗ್ಲಿಷ್ ಪುಸ್ತಕಲೋಕದ ಸಾಹಿತ್ಯ ಏಜೆಂಟರು ಅಂತಹವರು. ಅವರನ್ನು ಪುಸ್ತಕದ ದಲ್ಲಾಳಿಗಳೆಂದು ಕರೆದು ಸುಮ್ಮನಾಗುವುದು ಸುಲಭ. ಆದರೆ ಅವರ ನಿತ್ಯದ ಕೆಲಸವನ್ನು ಬಿಡಿಸಿ ನೋಡಿದರೆ, ಕನ್ನಡದಲ್ಲಿ ಮಾಡುವವರಿಲ್ಲದೆ ಉಳಿದಿರುವ ಕೆಲಸಗಳು ಯಾವುವೆಂಬುದೂ ತಿಳಿಯುತ್ತದೆ.

ಈ ವೃತ್ತಿ ರೂಪುಗೊಂಡದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಲಂಡನ್ನಿನಲ್ಲಿ. ಒಂದೇ ಕಾದಂಬರಿಯನ್ನು ಪತ್ರಿಕೆಯ ಧಾರಾವಾಹಿಯಾಗಿ, ಪುಸ್ತಕವಾಗಿ, ಅಮೆರಿಕದ ಆವೃತ್ತಿಯಾಗಿ ಬೇರೆ ಬೇರೆ ಕಡೆ ಮಾರುವ ಅವಕಾಶ ಒದಗಿದಾಗ, ಅದೆಲ್ಲವನ್ನೂ ನೋಡಿಕೊಳ್ಳುವುದು ಬರೆಯುವವನೊಬ್ಬನಿಂದ ಆಗದ ಮಾತಾಯಿತು. 1870ರ ದಶಕದಲ್ಲಿ ಎ. ಪಿ. ವಾಟ್ ಎಂಬವರು ಲೇಖಕರ ಪರವಾಗಿ ಈ ವ್ಯವಹಾರವನ್ನು ವಹಿಸಿಕೊಂಡು, ಬಂದ ಹಣದಲ್ಲಿ ಶೇಕಡ 10ನ್ನು ತಮ್ಮ ಪಾಲೆಂದು ಗೊತ್ತುಮಾಡಿದರು. ಕಿಪ್ಲಿಂಗ್, ಕಾನನ್ ಡಾಯ್ಲ್ ಮೊದಲಾದವರು ಅವರನ್ನು ನೆಚ್ಚಿದರು. ವಿಲಿಯಂ ಹೈನಮನ್ ಅವರಂತಹ ಪ್ರಕಾಶಕರು ಕಟುವಾಗಿ ವಿರೋಧಿಸಿದರು. ಇಂದು ಸ್ವದೇಶದ ಮಾರಾಟಕ್ಕೆ ಶೇಕಡ 15, ವಿದೇಶೀ ಹಾಗೂ ಅನುವಾದದ ಹಕ್ಕುಗಳಿಗೆ ಶೇಕಡ 20 ಎಂಬುದು ಸಾಮಾನ್ಯ ದರ. ಪ್ರತಿಷ್ಠಿತ ಏಜೆಂಟರು ಹಸ್ತಪ್ರತಿಯನ್ನು ಓದುವುದಕ್ಕೆಂದು ಶುಲ್ಕ ಕೇಳುವುದಿಲ್ಲ. ಲೇಖಕನಿಗೆ ಹಣ ಬಂದಾಗ ಮಾತ್ರ ಅವರಿಗೂ ಬರುತ್ತದೆ.

ಏಜೆಂಟರ ಮೊದಲ ಕೆಲಸ ಓದು. ಅಪರಿಚಿತ ಲೇಖಕರು ಕಳುಹಿಸಿದ ಪತ್ರ, ಸಾರಾಂಶ, ಆರಂಭದ ಅಧ್ಯಾಯಗಳನ್ನು ನೋಡಿ, ಹಿಡಿಸಿದರೆ ಪೂರ್ಣ ಹಸ್ತಪ್ರತಿಯನ್ನು ತರಿಸುತ್ತಾರೆ. ಹಗಲೆಲ್ಲ ಪತ್ರವ್ಯವಹಾರ, ದೂರವಾಣಿ, ಭೇಟಿಗಳಲ್ಲಿ ಕಳೆಯುವುದರಿಂದ ಈ ಓದು ಹೆಚ್ಚಾಗಿ ರಾತ್ರಿಗಳಿಗೆ ಮತ್ತು ರಜೆಗಳಿಗೆ ಉಳಿಯುತ್ತದೆ. ಒಪ್ಪಿಕೊಂಡ ಹಸ್ತಪ್ರತಿಯಲ್ಲೂ ಎಲ್ಲಿ ಕಥೆ ಜಗ್ಗುತ್ತದೆ, ಯಾವ ಪಾತ್ರ ಪೊಳ್ಳಾಗಿದೆ ಎಂದು ಗುರುತಿಸಿ ತಿದ್ದಿಸುತ್ತಾರೆ.

ಎರಡನೆಯದು, ಕೃತಿಗೆ ತಕ್ಕ ಸಂಪಾದಕರನ್ನು ಹುಡುಕುವುದು. ಯಾವ ಪ್ರಕಾಶನದಲ್ಲಿ ಯಾರ ಅಭಿರುಚಿ ಎಂತಹುದೆಂಬ ತಿಳಿವಳಿಕೆಯೇ ಏಜೆಂಟರ ಬಂಡವಾಳ. ಮೈಸೂರಿನ ಆರ್. ಕೆ. ನಾರಾಯಣರ ಮೊದಲ ಇಂಗ್ಲಿಷ್ ಕಾದಂಬರಿ 1935ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದದ್ದು, ಆಕ್ಸ್‌ಫರ್ಡಿನಲ್ಲಿದ್ದ ಅವರ ಗೆಳೆಯರು ಹಸ್ತಪ್ರತಿಯನ್ನು ಗ್ರಹಾಂ ಗ್ರೀನ್ ಅವರಿಗೆ ತಲುಪಿಸಿದ್ದರಿಂದ. ಗ್ರೀನ್ ಅವರ ಮೂಲಕವೇ ಡೇವಿಡ್ ಹೈಯಮ್ ನಾರಾಯಣರ ಏಜೆಂಟರಾದರು. ಗೆಳೆತನ ಒಮ್ಮೆ ಬಾಗಿಲು ತೆರೆಯಿಸಬಹುದು. ಅದು ಮತ್ತೆ ಮತ್ತೆ ತೆರೆಯುವಂತೆ ನೋಡಿಕೊಳ್ಳುವುದು ವೃತ್ತಿಯ ಕೆಲಸ.

ಮೂರನೆಯದೇ ಮುಖ್ಯವಾದುದು: ಹಕ್ಕುಗಳ ವಿಂಗಡಣೆ. ಸಾಮಾನ್ಯ ಲೇಖಕ ಪುಸ್ತಕವನ್ನು ಒಂದು ವಸ್ತುವೆಂದು ಭಾವಿಸುತ್ತಾನೆ. ಏಜೆಂಟರಿಗೆ ಅದು ಹಕ್ಕುಗಳ ಗೊಂಚಲು. ಗಟ್ಟಿ ರಟ್ಟಿನ ಮುದ್ರಣ, ಅಗ್ಗದ ಆವೃತ್ತಿ, ಅನುವಾದ, ಚಲನಚಿತ್ರ, ಧ್ವನಿಪುಸ್ತಕ, ವಿದ್ಯುನ್ಮಾನ ಪುಸ್ತಕ ಇವು ಒಂದೊಂದೂ ಬೇರೆ; ಯಾವ ದೇಶಕ್ಕೆ, ಎಷ್ಟು ಕಾಲಕ್ಕೆ ಎಂಬುದೂ ಬೇರೆ. ಕರಾರಿನಲ್ಲಿ ಯಾವುದನ್ನು ಕೊಟ್ಟಿತು, ಯಾವುದನ್ನು ಉಳಿಸಿಕೊಂಡಿತು ಎಂಬುದನ್ನು ಸಾಲುಸಾಲಾಗಿ ನೋಡುತ್ತಾರೆ. ಲಂಡನ್ ಮತ್ತು ಫ್ರಾಂಕ್‌ಫರ್ಟ್ ಪುಸ್ತಕ ಮೇಳಗಳಲ್ಲಿ ದಿನವಿಡೀ ಒಬ್ಬರ ಹಿಂದೊಬ್ಬರಂತೆ ನಡೆಯುವ ಭೇಟಿಗಳು ಉಳಿಸಿಕೊಂಡ ಇಂತಹ ಹಕ್ಕುಗಳ ಮಾರಾಟಕ್ಕಾಗಿಯೇ.

ಅಲ್ಲಿಗೂ ಕೆಲಸ ಮುಗಿಯದು. ಪ್ರಕಾಶಕರ ಹಣ ಏಜೆಂಟರ ಮೂಲಕ ಬರುತ್ತದೆ. ಮುಂಗಡ ಒಂದು ಲಕ್ಷ ರೂಪಾಯಿಯಾದರೆ 15,000 ಕಳೆದು 85,000 ಲೇಖಕನಿಗೆ ಸಲ್ಲುತ್ತದೆ. ರಾಯಲ್ಟಿಯ ಮೊತ್ತ ಮುಂಗಡವನ್ನು ಮೀರಿದ ಮೇಲೆ ಮುಂದಿನ ಹಣ. ನಿಯತಕಾಲಕ್ಕೆ ಬರುವ ರಾಯಲ್ಟಿ ಲೆಕ್ಕಗಳನ್ನು ಪರಿಶೀಲಿಸುವುದು, ತಡವಾದರೆ ಕೇಳುವುದು, ಪ್ರತಿಗಳು ಮುಗಿದೂ ಮರುಮುದ್ರಣವಾಗದಿದ್ದರೆ ಹಕ್ಕನ್ನು ಹಿಂದಕ್ಕೆ ಪಡೆಯುವುದು ಇವೆಲ್ಲ ಅವರದೇ ಹೊಣೆ.

ಕನ್ನಡದಲ್ಲಿ ಈ ಕೆಲಸಗಳು ಬೇರೆ ಬೇರೆಯವರಲ್ಲಿ ಹಂಚಿಹೋಗಿವೆ. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿದರು. ಧಾರವಾಡದಲ್ಲಿ 1933ರಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆಯಂತಹ ಸಂಸ್ಥೆಗಳಲ್ಲಿ ಪ್ರಕಾಶಕರು ಲೇಖಕರಿಗೆ ಗೆಳೆಯರೂ ಆಗಿದ್ದರು. ಈ ಆತ್ಮೀಯತೆ ದೊಡ್ಡದೇ ಸರಿ. ಆದರೆ ಆತ್ಮೀಯತೆಯ ನಡುವೆ ಕಾಗದಪತ್ರ ಕೇಳುವುದು ಸಂಕೋಚದ ವಿಷಯವಾಯಿತು. ಅದರ ಬೆಲೆ ತಿಳಿಯುವುದು ಲೇಖಕನ ಕಾಲಾನಂತರ. ಭಾರತದಲ್ಲಿ ಕೃತಿಸ್ವಾಮ್ಯ ಲೇಖಕನ ಮರಣಾನಂತರ 60 ವರ್ಷ ಉಳಿಯುತ್ತದೆ. ಯಾವ ಹಕ್ಕು ಯಾರಲ್ಲಿದೆ ಎಂದು ತಿಳಿಯದಿದ್ದರೆ ಮರುಮುದ್ರಣವೂ ಅನುವಾದವೂ ಅಷ್ಟು ಕಾಲ ನಿಂತುಹೋಗಬಹುದು. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಕಲಂ ಲೇಖಕನ ಪರವಾಗಿದೆ: ಹಕ್ಕಿನ ವರ್ಗಾವಣೆ ಲಿಖಿತವಾಗಿಯೇ ಇರಬೇಕು; ಅವಧಿಯನ್ನು ಹೇಳದಿದ್ದರೆ ಅದು 5 ವರ್ಷ; ವ್ಯಾಪ್ತಿಯನ್ನು ಹೇಳದಿದ್ದರೆ ಭಾರತಕ್ಕೆ ಮಾತ್ರ ಸೀಮಿತ. ಇಷ್ಟನ್ನು ಲೇಖಕರಿಗೆ ಹೇಳುವವರಾದರೂ ಬೇಕು.

ಹೊರನಾಡಿನ ಕನ್ನಡಿಗರಿಗೆ ಇಲ್ಲಿ ವಿಶೇಷವಾದ ಸ್ಥಾನವಿದೆ. ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳು ತೇಜಸ್ವಿನಿ ನಿರಂಜನರ ಅನುವಾದದಲ್ಲಿ 2018ನೆಯ ಸಾಲಿನ ಡಿ.ಎಸ್.ಸಿ. ಪ್ರಶಸ್ತಿ ಪಡೆದವು. ಬಾನು ಮುಷ್ತಾಕರ ಕಥೆಗಳಿಂದ 12ನ್ನು ಆಯ್ದು ಅನುವಾದಿಸಿದ ದೀಪಾ ಭಾಸ್ತಿಯವರು 2025ರ ಅಂತಾರಾಷ್ಟ್ರೀಯ ಬೂಕರ್ ಬಹುಮಾನದ 50,000 ಪೌಂಡುಗಳನ್ನು ಲೇಖಕಿಯೊಡನೆ ಸಮನಾಗಿ ಹಂಚಿಕೊಂಡರು. ಆಯ್ಕೆಯೆಂಬ ಏಜೆಂಟರ ಮೊದಲ ಕೆಲಸವನ್ನು ಇಲ್ಲಿ ಅನುವಾದಕಿಯೇ ಮಾಡಿದ್ದಾರೆಂಬುದು ಗಮನಾರ್ಹ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳ ಕನ್ನಡ ವಿದ್ಯಾರ್ಥಿ ದಿನವೂ ಎರಡು ಮೂರು ಭಾಷೆಗಳಲ್ಲಿ ಬದುಕುವವನು. ಒಂದು ಕನ್ನಡ ಕಾದಂಬರಿಯ ಎರಡು ಪುಟದ ಸಾರಾಂಶ, ಒಂದು ಅಧ್ಯಾಯದ ಮಾದರಿ ಅನುವಾದ, ಅದರ ಹಕ್ಕು ಯಾರಲ್ಲಿದೆಯೆಂಬ ಟಿಪ್ಪಣಿ ಇವನ್ನು ಅವನು ತನ್ನ ಅಧ್ಯಯನದ ಭಾಗವಾಗಿಯೇ ಸಿದ್ಧಪಡಿಸಬಲ್ಲನು. ನಮ್ಮ ವಿಭಾಗಗಳು ಇಂತಹ ಬರವಣಿಗೆಗೆ ಪಠ್ಯಕ್ರಮದಲ್ಲಿ ಎಡೆಕೊಟ್ಟರೆ, ಕನ್ನಡ ಕೃತಿ ನೆರೆಯ ಭಾಷೆಯ ಪ್ರಕಾಶಕನ ಮೇಜನ್ನು ತಲುಪಲು ಆಕಸ್ಮಿಕವನ್ನೇ ನೆಚ್ಚಿ ಕೂರಬೇಕಾಗಿಲ್ಲ.